ಕ್ಲೌಡ್ ಸರ್ವರ್‌ಗೆ ಎರಡ್ ಐಪಿ ಯಾಕ, ಯಾವ್ದು ಎಲ್ಲಿ ಬಳಸ್ಬೇಕು

ಇಳಕಲ್ ಸೀರಿ ಮಾರೋ ವೆಬ್‌ಸೈಟ್ ಇರಲಿ, ವಿಜಯಪುರದ ಒಣದ್ರಾಕ್ಷಿ ವ್ಯಾಪಾರದ ಲೆಕ್ಕದ ಆ್ಯಪ್ ಇರಲಿ, ನಮ್ಮ ಕಡೆ ಹುಡುಗ್ರು ಈಗ ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್ ಸೇವಾ) ಮುಂಬೈ ರೀಜನ್‌ನಾಗ ಒಂದ್ ಸರ್ವರ್ ಎಬ್ಬಿಸಿಬಿಡ್ತಾರ, ಆದ್ರ ಒಳಗ ಲಾಗಿನ್ ಆಗಿ ನೋಡಿದ್ರ 172.31 ಅಂತ ಶುರು ಆಗೋ ಐಪಿ (ನೆಟ್‌ವರ್ಕ್‌ನಾಗಿನ ವಿಳಾಸ), ಬ್ರೌಸರ್‌ನಾಗ ಹಾಕೋದು ಬ್ಯಾರೇನ, ಅಲ್ಲೇ ತಲಿ ಕೆಡತೈತಿ.

172.31 ಅನ್ನೋದು ಪ್ರೈವೇಟ್ ಐಪಿ ರೀ. 10ರಿಂದ ಶುರು ಆಗೋವು, 172.16ರಿಂದ 172.31ರ ತನಕ, ಮತ್ತ 192.168, ಈ ಮೂರು 1996ರ ಆರ್‌ಎಫ್‌ಸಿ 1918 ಅನ್ನೋ ಇಂಟರ್ನೆಟ್ ದಾಖಲೆಯಾಗ ಒಳಗಿನ ಬಳಕಿಗಂತ ಬಿಟ್ಟಾವು, ಇಂಟರ್ನೆಟ್‌ನಾಗ ಓಡೂದಿಲ್ಲ. ಬ್ರೌಸರ್‌ನಾಗ ಹಾಕೋ ಪಬ್ಲಿಕ್ ಐಪಿ ನಿಮ್ಮ ಮಷಿನ್ ಮ್ಯಾಲೆ ಇರೂದೇ ಇಲ್ಲ, ಹೊರಗ ಗೇಟ್‌ವೇ ಅದನ್ನ ಪ್ರೈವೇಟ್ ಐಪಿಗೆ ಬದಲಿ ಮಾಡಿ ಒಳಗ ಕಳಸತೈತಿ. ಅದಕ್ಕ ಆ್ಯಪ್‌ನ ಪಬ್ಲಿಕ್ ಐಪಿಗೆ ಬೈಂಡ್ ಮಾಡಿದ್ರ (ಆ ವಿಳಾಸದಾಗ ಕೇಳು ಅಂತ ಹೇಳಿದ್ರ) ಎರರ್ ಬರತೈತಿ, 0.0.0.0 (ಅಂದ್ರ ಮಷಿನ್‌ನ ಎಲ್ಲಾ ಐಪಿ) ಇಲ್ಲಾ ಪ್ರೈವೇಟ್ ಐಪಿ ಕೊಡ್ರಿ.

ಮೊದಲ ವಿಪಿಸಿ (ಕ್ಲೌಡ್‌ನಾಗ ನಿಮ್ಮದ ಖಾಸಗಿ ನೆಟ್‌ವರ್ಕ್) ಮಾಡ್ಕೋರಿ, 10.20.0.0/16 (10.20ರಿಂದ ಶುರು ಆಗೋವೆಲ್ಲಾ) ಅಂತ ಏನರ ತಗೋರಿ, 192.168.1 ಮಾತ್ರ ಬ್ಯಾಡ, ಆಫೀಸ್ ರೌಟರ್‌ನಾಗೂ ಅದ ಇರತೈತಿ, ಮುಂದ ಆಫೀಸು ಕ್ಲೌಡು ಜೋಡಿಸಾಕ ವಿಪಿಎನ್ ಹಾಕಿದಾಗ ಎರಡೂ ಬಡಿದಾಡ್ತಾವು. ಅದ್ರಾಗ ಎರಡ್ ಸಬ್‌ನೆಟ್ (ಆ ನೆಟ್‌ವರ್ಕ್‌ನ ತುಂಡು) ಮಾಡ್ರಿ, /24 ಆದ್ರ 256ರಾಗ 5 ಎಡಬ್ಲ್ಯೂಎಸ್ ಇಟ್ಕೊಂಡು 251 ಸಿಗತಾವು, ಸಾಕು. ಒಂದಕ್ಕ ಇಂಟರ್ನೆಟ್ ಗೇಟ್‌ವೇಗೆ ರೂಟ್ ಕೊಡ್ರಿ, ಇನ್ನೊಂದಕ್ಕ ಕೊಡಬ್ಯಾಡ್ರಿ.

ಡೇಟಾಬೇಸ್ ಆ ಎರಡನೇದ್ರಾಗ ಇರಬೇಕು, ಅದಕ್ಕ ಪಬ್ಲಿಕ್ ಐಪಿ ಬ್ಯಾಡವೇ ಬ್ಯಾಡ. ಟೆಸ್ಟಿಂಗ್ ಮುಗಿಯೂ ತನಕ ಇರಲಿ ಅಂತ ಭಾಳ ಮಂದಿ ತೆರದು ಇಡತಾರ, 5432 ಪೋರ್ಟ್ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ದು) ಜಗತ್ತಿಗೆಲ್ಲ ತೆರದ್ರ ಹುಡುಕೋ ಬಾಟ್‌ಗಳು ಬಂದ ಬರತಾವು, ಅದ್ರಾಗ ಇರೂದು ನಂಬಿದ ಗಿರಾಕಿಗಳ ಫೋನ್ ನಂಬರು, ಮನಿ ವಿಳಾಸ ರೀ. ಸೆಕ್ಯುರಿಟಿ ಗ್ರೂಪ್‌ನಾಗ (ಯಾರನ್ನ ಒಳಗ ಬಿಡಬೇಕು ಅನ್ನೋ ಫೈರ್‌ವಾಲ್ ನಿಯಮ) ಆ್ಯಪ್ ಸರ್ವರ್‌ನ ಗ್ರೂಪ್‌ಗೆ ಅಷ್ಟ ಬಿಡ್ರಿ, ಆ್ಯಪ್‌ನಿಂದ ಡೇಟಾಬೇಸ್‌ಗೆ ಪ್ರೈವೇಟ್ ಐಪಿಯಿಂದನ ಮಾತಾಡ್ಸ್ರಿ. ಅಪ್‌ಡೇಟ್ ಇಳಸಾಕ ಒಳಗಿನ ಮಷಿನ್ ಹೊರಗ ಹೋಗಬೇಕಂದ್ರ ನ್ಯಾಟ್ ಗೇಟ್‌ವೇ ಐತಿ, ಆದ್ರ ಅದಕ್ಕ ತಾಸಿನ ಲೆಕ್ಕದಾಗ ಬಿಲ್ ಬೀಳತೈತಿ.

ಸರ್ವರ್ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದ್ರ ಪಬ್ಲಿಕ್ ಐಪಿ ಬದಲಾಗತೈತಿ, ರೀಬೂಟ್‌ಗೆ ಆಗೂದಿಲ್ಲ. ಡೊಮೇನ್ ಜೋಡಿಸೋರು ಇಲಾಸ್ಟಿಕ್ ಐಪಿ (ಬದಲಾಗದ ಪಬ್ಲಿಕ್ ಐಪಿ) ತಗೋರಿ. 2024ರ ಫೆಬ್ರವರಿಯಿಂದ ಎಲ್ಲಾ ಪಬ್ಲಿಕ್ ಐಪಿವಿ4ಗೂ ತಾಸಿಗೆ 0.005 ಡಾಲರ್, ತಿಂಗಳಿಗೆ ಸುಮಾರು 3.6 ಡಾಲರ್, ಬಳಸಿದ್ರೂ ಅಷ್ಟ ಬಿಟ್ರೂ ಅಷ್ಟ, ಹಂಗಾಗಿ ಬ್ಯಾಡಾದ್ದನ್ನ ರಿಲೀಸ್ ಮಾಡ್ರಿ.

ಇನ್ನ ಎಸ್‌ಎಸ್‌ಎಚ್, ಅಂದ್ರ ಸರ್ವರ್‌ಗೆ ದೂರದಿಂದ ಲಾಗಿನ್ ಆಗೂದು. 22 ಪೋರ್ಟ್‌ಗೆ ನಿಮ್ಮ ಐಪಿ ಅಷ್ಟ ಬಿಡ್ರಿ, ಆದ್ರ ಮೊಬೈಲ್ ನೆಟ್‌ನಾಗ ಒಂದ ಪಬ್ಲಿಕ್ ಐಪಿ ಭಾಳ ಮಂದಿ ಹಂಚ್ಕೊಂಡಿರತಾರ, ಬದಲಾಗ್ತನೂ ಇರತೈತಿ, ಅಂಥಲ್ಲಿ 22 ಮುಚ್ಚಿ ಸೆಷನ್ ಮ್ಯಾನೇಜರ್ (ಪೋರ್ಟ್ ತೆರೀದನ ಲಾಗಿನ್ ಆಗೋ ಎಡಬ್ಲ್ಯೂಎಸ್ ಸಾಧನ) ಬಳಸ್ರಿ.