ಮಳೆಗಾಲದ ಜ್ವರ: ಯಾವುದು ಹೇಗೆ ಹರಡ್ತದೆ, ಮನೆಯಲ್ಲಿ ಏನು ಮಾಡ್ಬೇಕು

ಮಳೆ ಶುರುವಾದ್ರೆ ಸಾಕು, ನಮ್ಮ ಕಾಸರಗೋಡು ಕಡೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಎಲ್ಲಿ ಕೇಳಿದ್ರೂ ಜ್ವರದ್ದೇ ಸುದ್ದಿ, ಕೇಳಿದವರಿಗೆಲ್ಲ "ವೈರಲ್ ಮಾರಾಯ್ರೆ, ಮೂರು ದಿನದಲ್ಲಿ ಹೋಗ್ತದೆ" ಅಂತ ಉತ್ತರ. ಆದ್ರೆ ವೈರಲ್ ಅಂದ್ರೆ ಒಂದೇ ಕಾಯಿಲೆ ಅಲ್ಲ, ಸೊಳ್ಳೆಯಿಂದ ಬರೋದು ಉಂಟು, ನೀರಿಂದ ಬರೋದು ಉಂಟು, ಕೆಮ್ಮಿದ್ರೆ ಹರಡೋದೂ ಉಂಟು. ಯಾವ ದಾರಿಯಿಂದ ಬಂತು ಅಂತ ಗೊತ್ತಾದ್ರೆ ಮಾತ್ರ ಮನೆಯ ಉಳಿದವರಿಗೆ ತಾಗದ ಹಾಗೆ ನೋಡ್ಕೊಳ್ಳಬಹುದು.

ಮೊದಲ ಕೆಲಸ, ಜ್ವರ ಶುರುವಾದ ತಾರೀಕು ಕ್ಯಾಲೆಂಡರಲ್ಲಿ ಬರೆದಿಡಿ. ಡಾಕ್ಟ್ರು ಮೊದಲು ಕೇಳೋದೇ ಅದನ್ನು, ಡೆಂಗ್ಯೂಗೆ ಮೊದಲ 5 ದಿನ ರಕ್ತದಲ್ಲಿ ವೈರಸ್ಸಿನ ಅಂಶ ಹುಡುಕೋ ಎನ್‌ಎಸ್‌1 ಟೆಸ್ಟ್, ಆಮೇಲಾದ್ರೆ ವೈರಸ್ ವಿರುದ್ಧ ದೇಹ ಮಾಡಿದ ಪ್ರತಿಕಾಯ ನೋಡೋ ಐಜಿಎಂ ಟೆಸ್ಟ್.

ಇನ್ನು ಲಕ್ಷಣ ನೋಡಿ. ಮೂಗು ಸುರಿಯೋದು, ಗಂಟಲು ಕೆರೆತ, ಕೆಮ್ಮು ಇದ್ರೆ ಹೆಚ್ಚಾಗಿ ಫ್ಲೂ ಥರದ್ದು, ಮಾಸ್ಕ್ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸ್ಬೇಡಿ. ಶೀತ ಇಲ್ಲದೆ ಒಮ್ಮೆಲೇ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈ ಮುರಿಯೋದು ಅಂದ್ರೆ ಡೆಂಗ್ಯೂ ಸಂಶಯ ಪಡ್ಲೇಬೇಕು. ಮಣಿಗಂಟು, ಬೆರಳಿನ ಗಂಟು ಹಿಡ್ಕೊಂಡು ಏಳ್ಲಿಕ್ಕೇ ಆಗದಿದ್ರೆ ಚಿಕುನ್‌ಗುನ್ಯಾ ಇರಬಹುದು, ಅದನ್ನು ತರೋದೂ ಡೆಂಗ್ಯೂ ಹರಡೋ ಅದೇ ಈಡಿಸ್ ಸೊಳ್ಳೆ, ಗಂಟುನೋವು ಕೆಲವರಿಗೆ ತಿಂಗಳುಗಟ್ಟಲೆ ಬಿಡೋದಿಲ್ಲ.

ಡೆಂಗ್ಯೂ ಬಗ್ಗೆ ಒಂದು ವಿಷಯ ದಯವಿಟ್ಟು ನೆನಪಿಡಿ. ಅಪಾಯ ಇರೋದು ಜ್ವರ ಏರಿದಾಗಕ್ಕಿಂತ ಹೆಚ್ಚು ಇಳಿಯುವಾಗ, ಮೂರರಿಂದ ಏಳನೇ ದಿನದ ಒಳಗೆ. "ಜ್ವರ ಬಿಟ್ಟಿತು" ಅಂತ ಎಲ್ಲರೂ ನಿರಾಳ ಆಗೋ ಹೊತ್ತಿಗೇ ಕೆಲವರಿಗೆ ರಕ್ತನಾಳದಿಂದ ನೀರಿನ ಅಂಶ ಸೋರಿ ಬಿಪಿ ಇಳೀತದೆ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ತುಂಬಾ ಮಂಕು, ಮೂತ್ರ ಕಮ್ಮಿ, ಇದ್ರಲ್ಲಿ ಒಂದು ಕಂಡ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಪಪ್ಪಾಯಿ ಎಲೆ ರಸ ಕುಡಿಸ್ತಾ ಕೂತು ಹೊತ್ತು ಕಳೀಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ. ಗಂಜಿ ತೆಳಿ, ಬೊಂಡ, ಓಆರ್‌ಎಸ್ ಕೊಡ್ತಾ ಇರಿ, ಈ ಸೊಳ್ಳೆ ಕಚ್ಚೋದು ಹಗಲಲ್ಲಿ ಆದ ಕಾರಣ ರೋಗಿಯನ್ನು ಹಗಲೂ ಸೊಳ್ಳೆಪರದೆ ಒಳಗೆ ಮಲಗಿಸಿ.

ಆಮೇಲೆ ತೋಟಕ್ಕೆ ಇಳೀರಿ. ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲಿನ ಗೆರಟೆ, ಅಳಿಲು ತಿಂದು ಬಿಟ್ಟ ಕೊಕ್ಕೋ ಕೋಡು, ಟಾರ್ಪಲ್ ಮಡಿಕೆ, ಒಂದು ಚಮಚ ನೀರಿದ್ರೂ ಈಡಿಸ್ ಸೊಳ್ಳೆ ಅಲ್ಲಿ ಮೊಟ್ಟೆ ಇಡ್ತದೆ, ಮೊಟ್ಟೆಯಿಂದ ಸೊಳ್ಳೆ ಆಗ್ಲಿಕ್ಕೆ ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರೈ ಡೇ, ಅಂದ್ರೆ ನಿಂತ ನೀರೆಲ್ಲ ಖಾಲಿ ಮಾಡೋ ದಿನ, ಮಾಡಿ ಅಂತ ಹೇಳೋದು ಅದಕ್ಕೇ. ಹಾಳೆ, ಗೆರಟೆ ಕವುಚಿ ಹಾಕಿ. ಡ್ರಮ್ಮಿನ ನೀರು ಚೆಲ್ಲಿದ್ರೆ ಸಾಲದು, ಬದಿಗೆ ಅಂಟಿದ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಬದುಕ್ತದೆ, ನೀರು ಬಿದ್ದ ಕೂಡ್ಲೇ ಒಡೀತದೆ, ಆದ ಕಾರಣ ತಿಕ್ಕಿ ತೊಳೀಲೇಬೇಕು. ಫ್ರಿಜ್ಜಿನ ಹಿಂದಿನ ಟ್ರೇ ಕೂಡ.

ಊಟ ಸೇರದೆ, ವಾಕರಿಕೆ ಬಂದು, ಕಣ್ಣು ಮೂತ್ರ ಹಳದಿ ಆದ್ರೆ ಅದು ಕಾಮಾಲೆ, ಇಲ್ಲಿ ಹೆಚ್ಚಾಗಿ ಲಿವರಿಗೆ ತಾಗೋ ಹೆಪಟೈಟಿಸ್ ಎ ವೈರಸ್ಸಿಂದ. ಹರಡೋದು ಮಲ ಸೇರಿದ ನೀರು, ಆಹಾರದಿಂದ. ವೈರಸ್ ಒಳಗೆ ಹೋಗಿ ಸುಮಾರು ಒಂದು ತಿಂಗಳಾದ ಮೇಲೆ ಗೊತ್ತಾಗೋದು, ಹಾಗಾಗಿ ಹೋದ ತಿಂಗಳ ಮದುವೆಯಲ್ಲಿ ಕುಡಿದ ಜ್ಯೂಸ್ ಯಾರಿಗೂ ನೆನಪಾಗೋದಿಲ್ಲ. ಕುದಿಸಿದ ನೀರಿಗೆ ತಣ್ಣೀರು ಬೆರೆಸಿ ಕೊಟ್ರೆ ಕುದಿಸಿದ್ದು ದಂಡ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ 1000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಬಕೆಟಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ಮಾತ್ರ ಕೊಡಪಾನಕ್ಕೆ ಹಾಕಿ ಬಾವಿಗಿಳಿಸಿ ಚೆನ್ನಾಗಿ ಅಲುಗಾಡಿಸಿ, ಒಂದು ಗಂಟೆ ಬಿಟ್ಟು ನೀರು ಸೇದಿ.

ಚಿಕನ್ ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡ್ಲಿಕ್ಕೆ ಶುರು, ಎಲ್ಲ ಗುಳ್ಳೆ ಒಣಗುವ ತನಕ ಬೇರೆ ಕೋಣೆ, ಬಸುರಿ ಹೆಂಗಸರು ಹತ್ತಿರ ಹೋಗ್ಬಾರದು.

ಇನ್ನೊಂದು, ಇಲಿ ಮೂತ್ರ ಸೇರಿದ ನೀರು, ಕೆಸರಿಂದ ಬರೋ ಇಲಿಜ್ವರ (ಲೆಪ್ಟೊಸ್ಪೈರೋಸಿಸ್) ವೈರಸ್ ಅಲ್ಲ, ಬ್ಯಾಕ್ಟೀರಿಯಾ, ಆದ್ರೆ ನೋಡ್ಲಿಕ್ಕೆ ಇದೇ ಥರ. ತೋಟದ ಕೆಸರಲ್ಲಿ ಕೆಲಸ ಮಾಡಿದವರಿಗೆ ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ ಕೆಲಸ ಏನು ಅಂತಾನೂ ಡಾಕ್ಟ್ರಿಗೆ ಹೇಳಿ. ರಾತ್ರಿ ಹೊತ್ತು ಏನು ಮಾಡೋದು ಅಂತ ಗೊತ್ತಾಗದಿದ್ರೆ ಕೇರಳ ಆರೋಗ್ಯ ಇಲಾಖೆಯ ದಿಶಾ ಸಹಾಯವಾಣಿ 1056ಕ್ಕೆ ಫೋನ್ ಮಾಡಬಹುದು.