ಪತ್ತಿನ ಸಹಕಾರ ಸಂಘದ ಕೌಂಟರ್ ಸೇವೆ ಸುಧಾರಿಸಲು ಸಿಬ್ಬಂದಿ ವ್ಯವಸ್ಥೆಯನ್ನು ಸರಿಪಡಿಸುವ ಬಗೆ

ಪತ್ತಿನ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶದ ಚರ್ಚೆ ಮುಗಿಯುತ್ತಿದ್ದಂತೆ ಸಾಮಾನ್ಯವಾಗಿ ಸಿಬ್ಬಂದಿಯ ಮೇಲಿನ ದೂರು ಏಳುತ್ತದೆ: ಕೌಂಟರಿನಲ್ಲಿ ಸರಿಯಾಗಿ ಮಾತನಾಡಿಸುವುದಿಲ್ಲ, ಒಂದು ಕೆಲಸಕ್ಕೆ ಮೂರು ಸಲ ಅಲೆದಾಡಿಸುತ್ತಾರೆ. ಆಡಳಿತ ಮಂಡಳಿಯು ಒಂದು ದಿನದ ತರಬೇತಿ ಏರ್ಪಡಿಸಿ, ಸದಸ್ಯರೊಂದಿಗೆ ಸೌಜನ್ಯದಿಂದ ವರ್ತಿಸಬೇಕೆಂದು ಸುತ್ತೋಲೆ ಹೊರಡಿಸಿ ಸುಮ್ಮನಾಗುವುದುಂಟು. ಎಂಟು–ಹತ್ತು ಮಂದಿ ಸಿಬ್ಬಂದಿಯಿರುವ ಸಂಘದ ಕಾರ್ಯದರ್ಶಿಯವರು ತರಬೇತಿಯನ್ನು ಕೊನೆಗಿಟ್ಟುಕೊಂಡು, ಕೆಲಸದ ಹಂಚಿಕೆ, ರಜೆಯ ಬದಲಿ ವ್ಯವಸ್ಥೆ, ಅಧಿಕಾರ ಮತ್ತು ಸಂಭಾವನೆಗಳಿಂದ ಆರಂಭಿಸುವುದು ಒಳಿತು. ಅಲೆದಾಟದ ಕಾರಣ ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ.

ಮೊದಲು ಎರಡು ವಾರಗಳ ಕಾಲ ಪ್ರತಿ ಕೌಂಟರಿನಲ್ಲಿ ಒಂದು ನೋಟ್‌ಪುಸ್ತಕ ಇಡಬೇಕು. ಬಂದವರ ಹೆಸರು ಬೇಡ. ಯಾವ ಕೆಲಸಕ್ಕೆ ಬಂದರು, ಅದೇ ದಿನ ಮುಗಿಯಿತೇ, ಮುಗಿಯದಿದ್ದರೆ ಏಕೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದರೆ ಸಾಕು. ಈ ಪುಸ್ತಕವನ್ನು ಯಾರ ಮೇಲೂ ನೋಟಿಸ್ ಕೊಡಲು ಬಳಸುವುದಿಲ್ಲವೆಂದು ಸಿಬ್ಬಂದಿಗೆ ಮುಂಚಿತವಾಗಿ ಹೇಳಿ, ಹಾಗೆಯೇ ನಡೆದುಕೊಳ್ಳಬೇಕು. ಇಲ್ಲವಾದರೆ ಎರಡನೆಯ ದಿನದಿಂದಲೇ ಎಲ್ಲ ಸಾಲುಗಳಲ್ಲೂ ‘ಮುಗಿಯಿತು’ ಎಂದಿರುತ್ತದೆ. ಸೇವಾ ಗುಣಮಟ್ಟವನ್ನು ಅಳೆಯಲು ಪರಶುರಾಮನ್, ಝೈಥಾಮಲ್ ಮತ್ತು ಬೆರಿ ಎಂಬ ವಿದ್ವಾಂಸರು 1988ರಲ್ಲಿ ಪ್ರಕಟಿಸಿದ ‘ಸರ್ವ್‌ಕ್ವಾಲ್’ ಮಾದರಿಯಲ್ಲಿ 22 ಹೇಳಿಕೆಗಳಿದ್ದು, ಗ್ರಾಹಕರ ನಿರೀಕ್ಷೆ ಮತ್ತು ಅನುಭವಗಳನ್ನು ಬೇರೆ ಬೇರೆಯಾಗಿ ಕೇಳಿ ಅಂತರವನ್ನು ನೋಡಲಾಗುತ್ತದೆ. ಸಣ್ಣ ಸಂಘಕ್ಕೆ ಅಷ್ಟು ದೊಡ್ಡ ಪ್ರಶ್ನಾವಳಿ ಬೇಕಿಲ್ಲ. ಸಾಲಕ್ಕೆ ಅರ್ಜಿ ಹಾಕಿರುವ ಸದಸ್ಯರು ಗುಮಾಸ್ತರ ಎದುರಿಗೇ ತುಂಬುವ ಅಭಿಪ್ರಾಯ ಪತ್ರದಲ್ಲಿ ‘ಉತ್ತಮ’ ಎಂಬುದಕ್ಕಲ್ಲದೆ ಬೇರೆ ಯಾವುದಕ್ಕೆ ಗುರುತು ಹಾಕಿಯಾರು? ಆದರೆ ಆ ಮಾದರಿಯ ಐದು ಆಯಾಮಗಳಲ್ಲಿ ಗ್ರಾಹಕರಿಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ವಿಶ್ವಾಸಾರ್ಹತೆ, ಅಂದರೆ ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿಕೊಡುವುದು, ಎಂಬ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ನೋಟ್‌ಪುಸ್ತಕದಲ್ಲಿ ಏನು ಸಿಗುತ್ತದೆಂಬುದಕ್ಕೆ ಚಿನ್ನದ ಸಾಲದ ಕೌಂಟರ್ ಒಳ್ಳೆಯ ಉದಾಹರಣೆ. ಮನೆಯಲ್ಲಿ ಮದುವೆಯಿದೆಯೆಂದು ಸದಸ್ಯೆಯೊಬ್ಬರು ಅಸಲು–ಬಡ್ಡಿಯನ್ನೆಲ್ಲ ಹೊಂದಿಸಿಕೊಂಡು ಅಡವಿಟ್ಟ ಸರ ಬಿಡಿಸಿಕೊಳ್ಳಲು ಬರುತ್ತಾರೆ. ಕ್ಯಾಶಿಯರ್ ಹಣ ಕಟ್ಟಿಸಿಕೊಂಡು ರಸೀದಿ ಕೊಡುತ್ತಾರೆ. ಭದ್ರತಾ ಕಪಾಟಿಗೆ ಎರಡು ಕೀಲಿಗಳು. ಒಂದು ವ್ಯವಸ್ಥಾಪಕರ ಬಳಿ, ಇನ್ನೊಂದು ಲೆಕ್ಕಿಗರ ಬಳಿ. ಲೆಕ್ಕಿಗರು ಜಿಲ್ಲಾ ಕೇಂದ್ರ ಬ್ಯಾಂಕಿಗೆ ಹೋಗಿದ್ದಾರೆ, ಕೀಲಿ ಅವರ ಚೀಲದಲ್ಲಿದೆ. ‘ನಾಳೆ ಬನ್ನಿ ಅಕ್ಕ’ ಎಂದು ಹೇಳುವ ಹುಡುಗಿ ಎಷ್ಟೇ ನಯವಾಗಿ ಹೇಳಿದರೂ ಹಣ ಕಟ್ಟಿ ಬರಿಗೈಯಲ್ಲಿ ಹಿಂದಿರುಗುವವರಿಗೆ ಅದು ನಯವಾಗಿ ಕೇಳಿಸುವುದಿಲ್ಲ. ಎರಡು ಕೀಲಿಗಳ ನಿಯಮವನ್ನು ಸಡಿಲಿಸುವಂತಿಲ್ಲ, ಸಡಿಲಿಸಲೂಬಾರದು. ಮಾಡಬೇಕಾದುದು ಇಷ್ಟು: ಪ್ರತಿ ಕೀಲಿಗೂ ಒಬ್ಬ ಬದಲಿ ಧಾರಕರನ್ನು ಮಂಡಳಿಯ ಠರಾವಿನ ಮೂಲಕ ನೇಮಿಸಿ, ಹಸ್ತಾಂತರಕ್ಕೆ ಒಂದು ವಹಿ ಇಟ್ಟು, ಹೊರಗೆ ಹೋಗುವವರು ಸಹಿ ಮಾಡಿ ಕೀಲಿ ಒಪ್ಪಿಸಿಯೇ ಹೊರಡಬೇಕೆಂದು ಗೊತ್ತುಪಡಿಸುವುದು. ಚಿನ್ನ ಪರೀಕ್ಷಿಸುವ ಸರಾಫರು ದಿನಕ್ಕೆ ಎರಡು ಗಂಟೆ ಮಾತ್ರ ಬರುವುದಾದರೆ ಆ ವೇಳೆಯನ್ನು ಬಾಗಿಲಲ್ಲೇ ಬರೆದು ಹಾಕಬೇಕು.

ಇದೇ ಕ್ರಮವನ್ನು ಎಲ್ಲ ಮೇಜುಗಳಿಗೂ ವಿಸ್ತರಿಸಬೇಕು. ಒಂದು ಹಾಳೆಯಲ್ಲಿ ಎಡಕ್ಕೆ ಕೆಲಸಗಳನ್ನೂ ಮೇಲ್ಭಾಗದಲ್ಲಿ ಸಿಬ್ಬಂದಿಯ ಹೆಸರುಗಳನ್ನೂ ಬರೆದು, ಯಾರಿಗೆ ಯಾವುದು ಬರುತ್ತದೆಂದು ಗುರುತು ಹಾಕಿದರೆ, ಒಬ್ಬರಿಗೆ ಮಾತ್ರ ಬರುವ ಕೆಲಸಗಳು ತಾವಾಗಿ ಎದ್ದು ಕಾಣುತ್ತವೆ. ಅಂಥ ಪ್ರತಿ ಕೆಲಸಕ್ಕೂ ಎರಡನೆಯವರನ್ನು ಸಿದ್ಧಪಡಿಸಬೇಕು. ‘ಅದು ನನಗೆ ಮಾತ್ರ ಗೊತ್ತು’ ಎಂಬುದನ್ನೇ ತಮ್ಮ ಸ್ಥಾನದ ಭದ್ರತೆಯೆಂದು ನಂಬಿರುವ ಹಿರಿಯ ಗುಮಾಸ್ತರು ಇದಕ್ಕೆ ಒಪ್ಪದಿರಬಹುದು. ಅವರನ್ನೇ ಕಲಿಸುವವರನ್ನಾಗಿ ನೇಮಿಸಿ ಅದಕ್ಕೊಂದು ಭತ್ಯೆ ಕೊಡುವುದು ವಾದಕ್ಕಿಂತ ಫಲಕಾರಿ. ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನಗಳ ಕಾಲ, ಮುನ್ಸೂಚನೆ ನೀಡದೆ, ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿರ್ದೇಶನ ವಂಚನೆ ತಡೆಯಲು ರೂಪುಗೊಂಡದ್ದು. ಸಂಘವೂ ಈ ರೂಢಿಯನ್ನು ಬೆಳೆಸಿಕೊಂಡರೆ ಬದಲಿ ವ್ಯವಸ್ಥೆ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದೂ ಪರೀಕ್ಷೆಯಾಗುತ್ತದೆ.

ಅಧಿಕಾರದ ಪ್ರಶ್ನೆ ಇದಕ್ಕಿಂತ ನಾಜೂಕಿನದು. ಪಾಸ್‌ಬುಕ್ಕಿನ ನಕಲು ಕೊಡಲು, ವಿಳಾಸ ತಿದ್ದಲು, ಠೇವಣಿಯ ಮೇಲೆ ಸಣ್ಣ ಮೊತ್ತದ ಸಾಲ ನೀಡಲು ಕೂಡ ಕಾರ್ಯದರ್ಶಿಯ ಸಹಿ ಬೇಕೆಂದಿದ್ದರೆ, ಅವರು ಸಭೆಗೆ ಹೋದ ದಿನ ಇಡೀ ಕಚೇರಿ ನಿಂತುಹೋಗುತ್ತದೆ. ಯಾವ ಮೊತ್ತದವರೆಗೆ, ಯಾವ ದಾಖಲೆಗಳಿದ್ದರೆ, ಯಾರು ನಿರ್ಧರಿಸಬಹುದೆಂಬುದನ್ನು ಲಿಖಿತವಾಗಿ ಕೊಡಬೇಕು. ಮೇಲಧಿಕಾರಿಗಳು ಮರುದಿನ ಪರಿಶೀಲಿಸಿದರೆ ಸಾಕು. ನಿಯಮದೊಳಗೆ ತೆಗೆದುಕೊಂಡ ತೀರ್ಮಾನಕ್ಕೆ ಬೈಗುಳ ಸಿಕ್ಕಿದರೆ ಆ ಸಿಬ್ಬಂದಿ ಮುಂದೆ ಎಲ್ಲದಕ್ಕೂ ‘ಸಾಹೇಬರನ್ನು ಕೇಳಿ’ ಎನ್ನಲಾರಂಭಿಸುತ್ತಾರೆ, ಅದು ಸಹಜವೇ.

ಮನೆ–ಅಂಗಡಿಗಳಿಗೆ ಹೋಗಿ ದಿನವೂ ಸಣ್ಣ ಮೊತ್ತದ ಠೇವಣಿ ಸಂಗ್ರಹಿಸುವ ಪಿಗ್ಮಿ ಸಂಗ್ರಾಹಕರನ್ನು ಸಿಬ್ಬಂದಿ ನಿರ್ವಹಣೆಯ ಲೆಕ್ಕದಿಂದ ಹೊರಗಿಡುವುದು ಸಾಮಾನ್ಯ, ಆದರೆ ಅದು ದೊಡ್ಡ ಕೊರತೆ. ಕರಾವಳಿಯಲ್ಲಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಈ ಪದ್ಧತಿಯಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ದಿನವೂ ಹಾಜರಾಗುವ ಸಂಗ್ರಾಹಕರೇ ಅನೇಕ ಸದಸ್ಯರ ಪಾಲಿಗೆ ಸಂಘ. ಬ್ಯಾಂಕುಗಳ ಠೇವಣಿ ಸಂಗ್ರಾಹಕರು ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೇ ಎಂದೂ ಅವರ ಕಮಿಷನ್ ವೇತನವೇ ಎಂದೂ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಗ್ರಹಿಸಿದ ಮೊತ್ತಕ್ಕಷ್ಟೇ ಕಮಿಷನ್ ಕೊಟ್ಟರೆ ಅವರು ದೊಡ್ಡ ಅಂಗಡಿಗಳತ್ತ ವಾಲಿ, ಹೂ ಮಾರುವವರ ಹತ್ತು–ಇಪ್ಪತ್ತು ರೂಪಾಯಿಯನ್ನು ಬಿಟ್ಟುಬಿಡುತ್ತಾರೆ. ಭೇಟಿಯ ನಿಯಮಿತತೆಗೂ ಖಾತೆ ಅವಧಿ ಪೂರೈಸುವುದಕ್ಕೂ ಸ್ವಲ್ಪ ಪಾಲು ಸೇರಿಸಿ ಸಂಭಾವನೆ ರೂಪಿಸಬೇಕು. ಹಣ ಕೈಗೆ ಸಿಕ್ಕ ಕ್ಷಣವೇ ಯಂತ್ರದಿಂದ ರಸೀದಿ ಬರಬೇಕು, ತಿಂಗಳಿಗೊಮ್ಮೆ ಕಚೇರಿಯ ಬೇರೊಬ್ಬರು ಕೆಲವು ಖಾತೆದಾರರನ್ನು ಭೇಟಿಮಾಡಿ ಬಾಕಿ ತಾಳೆ ನೋಡಬೇಕು.

ನೇಮಕಾತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ನಿರ್ದೇಶಕರ ಸಂಬಂಧಿಕರೆಂಬ ಕಾರಣಕ್ಕೆ ಬಂದವರನ್ನು ಕೌಂಟರಿನಲ್ಲಿ ಕೂರಿಸಿದರೆ ಅವರನ್ನು ತಿದ್ದುವ ಧೈರ್ಯ ಯಾರಿಗೂ ಇರುವುದಿಲ್ಲ, ಉಳಿದವರ ಉತ್ಸಾಹವೂ ಕುಂದುತ್ತದೆ. ಸಂದರ್ಶನದ ಜತೆಗೆ, ಓದು ಬಾರದ ಸದಸ್ಯರಿಗೆ ಚಲನ್ ತುಂಬಿಕೊಡುವ ಕೆಲಸವನ್ನು ಅಭ್ಯರ್ಥಿಯಿಂದ ಅರ್ಧ ಗಂಟೆ ಮಾಡಿಸಿ ನೋಡುವುದು ಉಪಯುಕ್ತ.

ಇಷ್ಟಾದ ಮೇಲೆ ತರಬೇತಿಗೆ ಅರ್ಥ ಬರುತ್ತದೆ. ಉಪನ್ಯಾಸದ ಬದಲು ನೋಟ್‌ಪುಸ್ತಕದ ಪ್ರಕರಣಗಳನ್ನೇ ತೆಗೆದುಕೊಂಡು, ತೀರಿಕೊಂಡವರ ಠೇವಣಿಗಾಗಿ ಬಂದ ನಾಮಿನಿಗೆ ಯಾವ ದಾಖಲೆ ಕೇಳಬೇಕು, ಸುಸ್ತಿದಾರರೊಂದಿಗೆ ಇತರರ ಎದುರಿಗೆ ಏನು ಮಾತನಾಡಬಾರದು ಎಂಬುದನ್ನು ಅಭ್ಯಾಸ ಮಾಡಿಸಬೇಕು. ಆರು ತಿಂಗಳ ನಂತರ ಮತ್ತೆ ಎರಡು ವಾರ ನೋಟ್‌ಪುಸ್ತಕ ಇಟ್ಟು, ಅದೇ ದಿನ ಮುಗಿಯದ ಕೆಲಸಗಳ ಪಟ್ಟಿಯನ್ನು ಹಳೆಯ ಪಟ್ಟಿಯ ಪಕ್ಕದಲ್ಲಿ ಆಡಳಿತ ಮಂಡಳಿಯ ಸಭೆಗೆ ಮಂಡಿಸಬೇಕು. ಆ ಸಭೆಯಲ್ಲಿ ಕಾರ್ಯದರ್ಶಿಯವರ ಜತೆಗೆ ಕೌಂಟರಿನ ಸಿಬ್ಬಂದಿಯೊಬ್ಬರೂ ಕುಳಿತು ಕಾರಣಗಳನ್ನು ತಾವೇ ವಿವರಿಸುವಂತಿರಬೇಕು.