ಕ್ರೂಸ್ ಬಫೆಗೆ ಹೋಗುವ ಮುಂಚೆ
ಬಫೆ ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿರುತ್ತಾರೆ, ಅಷ್ಟೇ ಸಾಕು ಅಂದುಕೊಳ್ಳಬೇಡಿ. ಹಡಗಿನಲ್ಲಿ ವಾಂತಿ-ಭೇದಿ ಹಬ್ಬಿಸುವುದು ಹೆಚ್ಚಾಗಿ ನೊರೊವೈರಸ್. ಅದು ಸ್ಯಾನಿಟೈಸರ್‌ಗೆ ಅಷ್ಟು ಸುಲಭವಾಗಿ ಸಾಯುವುದಿಲ್ಲ, ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಲೇಬೇಕು. ಆಮೇಲೆ ಎಲ್ಲರೂ ಹಿಡಿದ ಸೌಟು, ಇಕ್ಕಳವನ್ನೇ ನಾವೂ ಹಿಡಿದು, ಅದೇ ಕೈಯಲ್ಲಿ ಬ್ರೆಡ್ ಮುರಿದು ಬಾಯಿಗೆ ಹಾಕುತ್ತೇವೆ, ಅಲ್ವಾ? ಅದಕ್ಕೇ ತಟ್ಟೆಯನ್ನು ಮೇಜಿನ ಮೇಲಿಟ್ಟು ಇನ್ನೊಮ್ಮೆ ಕೈ ತೊಳೆದು ಬನ್ನಿ, ಕೈಯಲ್ಲಿ ಕಲಸಿ ತಿನ್ನುವ ನಮ್ಮಂಥವರಿಗಂತೂ ಇದು ಬೇಕೇ ಬೇಕು. ಎರಡನೇ ಸಲ ಬಡಿಸಿಕೊಳ್ಳಲು ಹೊಸ ತಟ್ಟೆ ತಗೊಳ್ಳಿ. ಎಂಜಲು ತಟ್ಟೆಗೆ ಸೌಟು ತಾಗಿಸಬಾರದು ಅಂತ ನಮ್ಮವರಿಗೆ ಹೇಳಿಕೊಡಬೇಕಿಲ್ಲ ಬಿಡಿ. ಹೊಟ್ಟೆ ಕೆಟ್ಟರೆ ಮಾತ್ರ ಮುಚ್ಚಿಡಬೇಡಿ. ಕ್ಯಾಬಿನ್‌ನಲ್ಲೇ ಕೂರಿಸುತ್ತಾರೆ ಅಂತ ಹೆದರಿ ಸುಮ್ನೆ ಇರುವವರೂ ಇದ್ದಾರೆ, ಆದರೆ ವಾಂತಿ ನಿಂತ ಮೇಲೂ ಕೆಲವು ದಿನ ಅವರಿಂದ ಬೇರೆಯವರಿಗೆ ಹರಡಬಹುದು.